ಕ್ಯಾಂಪಸ್‌ನಲ್ಲಿ ತಾರತಮ್ಯ ಕಂಡರೆ ಏನು ಮಾಡಬೇಕು? ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಒಂದು ಮಾರ್ಗದರ್ಶಿ

"ಗೈಡ್ ಜಾತಿ ಹಿಡಿದು ಮಾತಾಡುತ್ತಾರೆ, ಯಾರಿಗೆ ಹೇಳೋದು?" "ಫೆಲೋಶಿಪ್ ಬರದೆ ಆರು ತಿಂಗಳಾಯ್ತು, ಧರಣಿ ಕೂತರೆ ಡಿಬಾರ್ ಮಾಡ್ತಾರಾ?" "ನಾನು ಅತಿಥಿ ಉಪನ್ಯಾಸಕಿ, ಮಕ್ಕಳ ಮನವಿಗೆ ಸಹಿ ಹಾಕಬಹುದಾ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಬಿಡಿಬಿಡಿಯಾಗಿ ಉತ್ತರ ಕೊಡುವ ಬದಲು ಪೂರ್ತಿ ದಾರಿಯನ್ನು ಒಂದೇ ಕಡೆ ಬರೆದಿದ್ದೇನೆ. ಕರ್ನಾಟಕದ ಸರ್ಕಾರಿ ವಿಶ್ವವಿದ್ಯಾಲಯಗಳು ಮತ್ತು ಅವುಗಳಡಿಯ ಕಾಲೇಜುಗಳು ನನ್ನ ಮನಸ್ಸಿನಲ್ಲಿವೆ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮಗಳ ಭಾಗ ಕೇಂದ್ರೀಯ, ಖಾಸಗಿ, ಡೀಮ್ಡ್ ವಿಶ್ವವಿದ್ಯಾಲಯಗಳಿಗೂ ಅನ್ವಯಿಸುತ್ತದೆ.

ನಮ್ಮ ರಾಜ್ಯದಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಂತು ಮೂರು ದಶಕಕ್ಕೂ ಜಾಸ್ತಿ ಆಯಿತು. ಹಾಗಾಗಿ ಜೆಎನ್‌ಯು ಅಥವಾ ಹೈದರಾಬಾದ್ ವಿವಿಯಲ್ಲಿ ಇದ್ದಂತೆ ಆಡಳಿತದ ಎದುರು ಕೂತು ಮಾತಾಡುವ ಚುನಾಯಿತ ಪ್ರತಿನಿಧಿ ನಮ್ಮಲ್ಲಿ ಇರುವುದಿಲ್ಲ. ಇಲ್ಲಿನ ಹೋರಾಟಗಳು ಸೋಲುವುದು ಧೈರ್ಯದ ಕೊರತೆಯಿಂದ ಅಲ್ಲ. ಬೇಡಿಕೆ ತಪ್ಪು ಬಾಗಿಲಿಗೆ ಹೋಗಿರುತ್ತದೆ, ಅಥವಾ ತಾರೀಖು ಇರುವ ಒಂದು ಕಾಗದವೂ ಕೈಯಲ್ಲಿ ಇರುವುದಿಲ್ಲ. ಈ ಎರಡನ್ನು ಸರಿಮಾಡಿಕೊಂಡರೆ ಅರ್ಧ ಕೆಲಸ ಆದಂತೆ.

ಮೊದಲು ಕೆಲವು ಪದಗಳು. ಕುಲಪತಿ ಎಂದರೆ ವೈಸ್ ಚಾನ್ಸಲರ್, ವಿಶ್ವವಿದ್ಯಾಲಯದ ಮುಖ್ಯಸ್ಥರು. ಕುಲಸಚಿವ ಎಂದರೆ ರಿಜಿಸ್ಟ್ರಾರ್. ಆಡಳಿತಕ್ಕೆ ಒಬ್ಬರು, ಮೌಲ್ಯಮಾಪನಕ್ಕೆ ಒಬ್ಬರು ಇರುತ್ತಾರೆ. ಸಿಂಡಿಕೇಟ್ ದೊಡ್ಡ ತೀರ್ಮಾನಗಳನ್ನು ಮಾಡುವ ಸಭೆ. ಹಿಂಬರಹ ಎಂದರೆ ನಿಮ್ಮ ಅರ್ಜಿಗೆ ಕಚೇರಿ ಲಿಖಿತವಾಗಿ ಕೊಡುವ ಉತ್ತರ. ಈ ಕೊನೆಯ ಪದವನ್ನು ಚೆನ್ನಾಗಿ ನೆನಪಿಡಿ, ಮುಂದೆ ತುಂಬಾ ಸಲ ಬೇಕಾಗುತ್ತದೆ.

1. ಯಾರಿಗೆ ಅನ್ಯಾಯ ಆಗಿದೆಯೋ ಅವರನ್ನು ಮೊದಲು ಕೇಳಿ

ಗೆಳತಿಗೆ ಅವಮಾನ ಆಗಿದೆ, ನಿಮಗೆ ಸಿಟ್ಟು ಬಂದಿದೆ. ಸಹಜ. ಆದರೆ ಆಕೆಯನ್ನು ಕೇಳದೆ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ಆಕೆಗೆ ಏನು ಬೇಕು? ಕ್ಷಮೆಯಾ, ಗೈಡ್ ಬದಲಾವಣೆಯಾ, ಶಿಕ್ಷೆಯಾ, ಅಥವಾ ಸದ್ಯಕ್ಕೆ ಪರೀಕ್ಷೆ ಮುಗಿಯುವ ತನಕ ಸುಮ್ಮನಿರುವುದಾ? ಆಕೆ ಸದ್ಯಕ್ಕೆ ಬೇಡ ಎಂದರೆ ಒತ್ತಾಯ ಮಾಡಬೇಡಿ. ಆದರೆ ನಡೆದದ್ದನ್ನು ಬರೆದಿಡಲು ಹೇಳಿ, ಏಕೆಂದರೆ ಕೆಲವು ದೂರುಗಳಿಗೆ ಗಡುವು ಇದೆ.

ಒಂದು ಅಪವಾದ ಇದೆ. ಮೊದಲ ವರ್ಷದ ಪದವಿ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಇನ್ನೂ 18 ತುಂಬಿರುವುದಿಲ್ಲ. ಅಂಥವರ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದ್ದರೆ ಅದು 2012ರ ಪೋಕ್ಸೊ ಕಾಯ್ದೆಯಡಿ ಬರುತ್ತದೆ. ಗೊತ್ತಿದ್ದೂ ಪೊಲೀಸರಿಗೆ ತಿಳಿಸದೆ ಇರುವುದೇ ಅಪರಾಧ. ಅಧ್ಯಾಪಕರು, ವಾರ್ಡನ್‌ಗಳು ಇದನ್ನು ಮರೆಯಬಾರದು.

2. ಅದೇ ದಿನ ಬರೆದಿಡಿ

ಒಂದು ನೋಟ್‌ಬುಕ್ ಸಾಕು. ತಾರೀಖು, ಹೊತ್ತು, ಜಾಗ, ಆಡಿದ ಮಾತು, ಅಲ್ಲಿ ಇದ್ದವರ ಹೆಸರು. ಮಾತನ್ನು ಹೇಗೆ ಆಡಿದರೋ ಹಾಗೇ ಬರೆಯಿರಿ. "ಜಾತಿ ನಿಂದನೆ ಮಾಡಿದರು" ಎಂದು ಬರೆದರೆ ವಿಚಾರಣೆಯಲ್ಲಿ ನಿಲ್ಲುವುದಿಲ್ಲ. ಬಳಸಿದ ಪದವೇ ಬೇಕು, ಓದಲು ಎಷ್ಟೇ ನೋವಾದರೂ.

ಅಲ್ಲಿ ಯಾರಿದ್ದರು ಎಂಬುದು ಇನ್ನೊಂದು ಕಾರಣಕ್ಕೂ ಮುಖ್ಯ. 1989ರ ಪರಿಶಿಷ್ಟ ಜಾತಿ ಮತ್ತು ಪಂಗಡ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಬೈಗುಳ, ಅವಮಾನದ ಕಲಮುಗಳು ಅನ್ವಯಿಸಬೇಕಾದರೆ ಅದು ಸಾರ್ವಜನಿಕರ ಕಣ್ಣಿಗೆ ಬೀಳುವಂಥ ಕಡೆ ನಡೆದಿರಬೇಕು. ನಾಲ್ಕು ಗೋಡೆಯ ಒಳಗೆ, ಬೇರೆ ಯಾರೂ ಇಲ್ಲದಾಗ ಆಡಿದ ಮಾತು ಈ ಕಲಮಿಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ತರಗತಿ, ಲ್ಯಾಬ್, ಕಾರಿಡಾರ್‌ನಲ್ಲಿ ನಡೆದಿದ್ದರೆ ಕೇಳಿಸಿಕೊಂಡವರ ಹೆಸರು ಬರೆದುಕೊಳ್ಳಿ.

ಮೊಬೈಲ್‌ನಲ್ಲಿ ಮೆಸೇಜ್ ಅಥವಾ ಆಡಿಯೊ ಇದ್ದರೆ ಸ್ಕ್ರೀನ್‌ಶಾಟ್ ತೆಗೆದು ಮೂಲವನ್ನು ಅಳಿಸಬೇಡಿ. ಕೋರ್ಟಿನಲ್ಲಿ ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಪ್ರಮಾಣಪತ್ರ ಕೊಡಬೇಕಾಗುತ್ತದೆ, ಮೂಲ ಫೋನ್ ಕೈಯಲ್ಲಿ ಇದ್ದರೆ ಒಳ್ಳೆಯದು. ಹಳೆ ಫೋನ್ ಎಕ್ಸ್‌ಚೇಂಜ್‌ಗೆ ಕೊಡುವ ಮುಂಚೆ ಇದನ್ನು ಯೋಚಿಸಿ.

3. ಸರಿಯಾದ ಬಾಗಿಲು ಹುಡುಕಿ

ಜಾಸ್ತಿ ಜನ ಎಡವುವುದು ಇಲ್ಲೇ. ಎಲ್ಲವನ್ನೂ ಕುಲಪತಿಗೆ ಬರೆದರೆ ಕಾಗದ ಮೇಜಿನಿಂದ ಮೇಜಿಗೆ ಓಡಾಡುತ್ತದೆ ಅಷ್ಟೆ. ಒಂದೊಂದು ಬಗೆಯ ದೂರಿಗೆ ಒಂದೊಂದು ಸಮಿತಿ ಇದೆ, ಅದಕ್ಕೆ ಗಡುವೂ ಇದೆ.

*ಜಾತಿ, ಧರ್ಮ, ಭಾಷೆ, ಲಿಂಗ, ಅಂಗವೈಕಲ್ಯದ ಮೇಲೆ ತಾರತಮ್ಯ.* ಯುಜಿಸಿಯ 2012ರ ಸಮಾನತೆ ನಿಯಮಗಳ ಪ್ರಕಾರ ಪ್ರತಿ ಸಂಸ್ಥೆಯಲ್ಲಿ ಸಮಾನ ಅವಕಾಶ ಘಟಕ ಮತ್ತು ತಾರತಮ್ಯ ತಡೆ ಅಧಿಕಾರಿ ಇರಬೇಕು. ದೂರಿನ ತೀರ್ಮಾನಕ್ಕೆ 60 ದಿನ. ಏನೇನು ತಾರತಮ್ಯ ಎಂದು ಆ ನಿಯಮ ಬಿಡಿಸಿ ಹೇಳಿದೆ: ಮೀಸಲಾತಿ ವಿದ್ಯಾರ್ಥಿ ಎಂದು ಹಣೆಪಟ್ಟಿ ಹಚ್ಚುವುದು, ಕಡಿಮೆ ಅಂಕಕ್ಕೆ ಜಾತಿ ಕಾರಣ ಎನ್ನುವುದು, ಲ್ಯಾಬ್‌ನಲ್ಲಿ ಕೆಲಸ ಕೊಡದೆ ಕೂರಿಸುವುದು, ಬೇರೆ ಕೂರಿಸುವುದು. ನಿಮಗಾದದ್ದು ಈ ಪಟ್ಟಿಯಲ್ಲಿ ಇದ್ದರೆ ಅದೇ ಮಾತನ್ನು ದೂರಿನಲ್ಲಿ ಬಳಸಿ. 2026ರ ಜನವರಿಯಲ್ಲಿ ಯುಜಿಸಿ ಇದರ ಜಾಗಕ್ಕೆ ಹೊಸ ನಿಯಮ ತಂದಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಅದನ್ನು ತಡೆಹಿಡಿದು 2012ರದ್ದೇ ಮುಂದುವರಿಯಲಿ ಎಂದಿತು. ದೂರು ಬರೆಯುವ ದಿನ ಯಾವುದು ಜಾರಿಯಲ್ಲಿದೆ ಎಂದು ಯುಜಿಸಿ ವೆಬ್‌ಸೈಟ್‌ನಲ್ಲಿ ಒಮ್ಮೆ ನೋಡಿಕೊಳ್ಳಿ.

*ಲೈಂಗಿಕ ಕಿರುಕುಳ.* ಇದು ಆಂತರಿಕ ಸಮಿತಿಗೆ, ಅಂದರೆ ಐಸಿಗೆ ಹೋಗಬೇಕು. ಯುಜಿಸಿಯ 2015ರ ನಿಯಮದಂತೆ ಘಟನೆ ನಡೆದ 3 ತಿಂಗಳೊಳಗೆ ದೂರು ಕೊಡಬೇಕು. ತಡವಾಗಿದ್ದರೆ ಕಾರಣ ಬರೆಯಿರಿ, ಸಮಿತಿ ಇನ್ನೂ 3 ತಿಂಗಳು ವಿಸ್ತರಿಸಬಹುದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಸಮಿತಿಯ ರಚನೆಯನ್ನೂ ಪರೀಕ್ಷಿಸಿ. ಅಧ್ಯಕ್ಷರು ಹಿರಿಯ ಮಹಿಳಾ ಅಧ್ಯಾಪಕರಾಗಿರಬೇಕು, ಹೊರಗಿನ ಸದಸ್ಯರು ಇರಬೇಕು. ಪ್ರಕರಣದಲ್ಲಿ ವಿದ್ಯಾರ್ಥಿಗಳಿದ್ದರೆ ಪದವಿ, ಸ್ನಾತಕೋತ್ತರ, ಸಂಶೋಧನೆ ಹಂತದಿಂದ ಚುನಾಯಿತರಾದ ಮೂವರು ವಿದ್ಯಾರ್ಥಿಗಳೂ ಇರಬೇಕು. ಕುಲಪತಿ, ಕುಲಸಚಿವ, ಡೀನ್, ವಿಭಾಗದ ಮುಖ್ಯಸ್ಥರು ಸದಸ್ಯರಾಗುವಂತಿಲ್ಲ. ಎಷ್ಟೋ ಕಡೆ ಐಸಿ ಗೋಡೆಯ ಬೋರ್ಡಿನಲ್ಲಿ ಮಾತ್ರ ಇರುತ್ತದೆ. ಚುನಾವಣೆ ಇಲ್ಲದ ನಮ್ಮ ಕ್ಯಾಂಪಸ್‌ಗಳಲ್ಲಿ ಈ ಮೂರು ವಿದ್ಯಾರ್ಥಿ ಸ್ಥಾನಗಳು ಬಹಳ ದೊಡ್ಡ ಅವಕಾಶ, ಅವನ್ನು ತುಂಬಿಸಿ ಎಂದು ಕೇಳುವುದೇ ಒಂದು ಒಳ್ಳೆಯ ಮೊದಲ ಹೋರಾಟ.

ವಿಚಾರಣೆ ನಡೆಯುವಾಗ ಆರೋಪಿ ಅಧ್ಯಾಪಕರು ನಿಮ್ಮ ಉತ್ತರ ಪತ್ರಿಕೆ, ಪ್ರಾಜೆಕ್ಟ್ ಮೌಲ್ಯಮಾಪನ ಮಾಡದಂತೆ ತಡೆಯಲು ಸಮಿತಿ ಶಿಫಾರಸು ಮಾಡಬಹುದು. ಆದರೆ ನೀವು ಬರೆದು ಕೇಳಬೇಕು. ತಾನಾಗೇ ಆಗುತ್ತದೆ ಎಂದು ಕಾಯಬೇಡಿ.

*ರ‍್ಯಾಗಿಂಗ್.* 2009ರ ಯುಜಿಸಿ ನಿಯಮ. ರಾಷ್ಟ್ರೀಯ ಸಹಾಯವಾಣಿ 1800-180-5522, ಹೆಸರು ಹೇಳದೆಯೂ ದೂರು ಕೊಡಬಹುದು.

*ಶುಲ್ಕ, ಮೂಲ ದಾಖಲೆ ಹಿಂತಿರುಗಿಸದೆ ಇರುವುದು, ಸ್ಕಾಲರ್‌ಶಿಪ್, ಪರೀಕ್ಷೆ, ಮೀಸಲಾತಿ ಪಾಲಿಸದೆ ಇರುವುದು.* ಇವು 2023ರ ನಿಯಮದಡಿಯ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿಗೆ. ಸಮಿತಿಯಲ್ಲಿ ಒಬ್ಬ ಮಹಿಳೆ, ಎಸ್‌ಸಿ, ಎಸ್‌ಟಿ ಅಥವಾ ಒಬಿಸಿಯಿಂದ ಒಬ್ಬರು ಇರಲೇಬೇಕು. 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಒಪ್ಪಿಗೆ ಆಗದಿದ್ದರೆ 15 ದಿನದೊಳಗೆ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ. ಇವರು ನಿವೃತ್ತ ಕುಲಪತಿ, ನಿವೃತ್ತ ಪ್ರಾಧ್ಯಾಪಕ ಅಥವಾ ಮಾಜಿ ಜಿಲ್ಲಾ ನ್ಯಾಯಾಧೀಶರು. 30 ದಿನದಲ್ಲಿ ತೀರ್ಮಾನಿಸಬೇಕು.

ಒಂದು ಎಚ್ಚರಿಕೆ. ನೀವಿರುವ ಹಾಸ್ಟೆಲ್ ಸಮಾಜ ಕಲ್ಯಾಣ ಇಲಾಖೆಯದ್ದೋ, ಹಿಂದುಳಿದ ವರ್ಗಗಳ ಇಲಾಖೆಯ ಬಿಸಿಎಂ ಹಾಸ್ಟೆಲ್ಲೋ ಆಗಿದ್ದರೆ ಊಟ, ನೀರು, ವಾರ್ಡನ್ ಬಗ್ಗೆ ಕುಲಪತಿ ಏನೂ ಮಾಡಲಾರರು. ಆ ದೂರು ತಾಲ್ಲೂಕು, ಜಿಲ್ಲಾ ಮಟ್ಟದ ಇಲಾಖೆ ಅಧಿಕಾರಿಗೆ ಹೋಗಬೇಕು. ಸ್ಕಾಲರ್‌ಶಿಪ್ ವಿಷಯದಲ್ಲೂ ಹಾಗೇ. ಮೊದಲು ನಿಮ್ಮ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ, ರಾಜ್ಯದ ವಿದ್ಯಾರ್ಥಿವೇತನ ತಾಣವಾದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಕಾಲೇಜಿನ ದೃಢೀಕರಣ ಆಗಿದೆಯೇ ನೋಡಿ. ನಿಮ್ಮೊಬ್ಬರದೇ ತೊಂದರೆಯೋ, ಇಡೀ ತರಗತಿಗೆ ಬಂದಿಲ್ಲವೋ ಎಂಬುದು ಗೊತ್ತಾದ ಮೇಲೆ ಬೇಡಿಕೆ ಬರೆಯಿರಿ.

ಪೊಲೀಸ್ ದೂರಿಗೆ ಇವ್ಯಾವೂ ಅಡ್ಡಿ ಅಲ್ಲ. "ಮೊದಲು ನಮ್ಮ ಸಮಿತಿ ವಿಚಾರಣೆ ಮಾಡಲಿ, ಆಮೇಲೆ ಠಾಣೆಗೆ ಹೋಗಿ" ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಎರಡೂ ಒಟ್ಟಿಗೆ ನಡೆಯಬಹುದು. ದೌರ್ಜನ್ಯ ತಡೆ ಕಾಯ್ದೆಯ 18ಎ ಕಲಮಿನ ಪ್ರಕಾರ ಎಫ್‌ಐಆರ್ ದಾಖಲಿಸಲು ಪ್ರಾಥಮಿಕ ವಿಚಾರಣೆ ಬೇಕಿಲ್ಲ.

4. ಲೆಕ್ಕ ಕೇಳಿ: ಆರ್‌ಟಿಐ

ಬೇಡಿಕೆಗೆ ತೂಕ ಬರುವುದು ಅವರದೇ ಕಚೇರಿಯ ಅಂಕಿಗಳಿಂದ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ವಿಶ್ವವಿದ್ಯಾಲಯದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಆದರೆ ಸುಲಭ. ಬಿಪಿಎಲ್ ಕುಟುಂಬದವರಿಗೆ ಶುಲ್ಕ ಇಲ್ಲ, ಕಾರ್ಡಿನ ಪ್ರತಿ ಲಗತ್ತಿಸಿ. ಯಾಕೆ ಕೇಳುತ್ತಿದ್ದೀರಿ ಎಂದು ಹೇಳಬೇಕಾಗಿಲ್ಲ.

ಕರ್ನಾಟಕದ ನಿಯಮದಲ್ಲಿ ಎರಡು ಮಿತಿ ಇವೆ: ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸುಮಾರು 150 ಪದ. ಹತ್ತು ಪ್ರಶ್ನೆ ಒಟ್ಟಿಗೆ ತುರುಕಿದರೆ ಅದನ್ನೇ ನೆಪ ಮಾಡಿ ವಾಪಸ್ ಕಳಿಸುತ್ತಾರೆ. ನಾಲ್ಕು ಜನ ನಾಲ್ಕು ಅರ್ಜಿ ಹಾಕಿ. "ಯಾಕೆ ಭರ್ತಿ ಮಾಡಿಲ್ಲ?" ಎಂದು ಕೇಳಬೇಡಿ, ಅಭಿಪ್ರಾಯ ಕೇಳಿದರೆ ಉತ್ತರ ಬರುವುದಿಲ್ಲ. ದಾಖಲೆ ಕೇಳಿ. ಉದಾಹರಣೆಗೆ:

– ವಿಭಾಗವಾರು ಮಂಜೂರಾದ, ಭರ್ತಿಯಾದ, ಖಾಲಿ ಇರುವ ಬೋಧಕ ಹುದ್ದೆಗಳ ಪಟ್ಟಿ ಮತ್ತು ರೋಸ್ಟರ್ ವಹಿಯ ಪ್ರತಿ. (ರೋಸ್ಟರ್ ಎಂದರೆ ಯಾವ ಹುದ್ದೆ ಯಾವ ವರ್ಗಕ್ಕೆ ಮೀಸಲು ಎಂದು ಸಾಲಾಗಿ ಬರೆದಿಡುವ ಪುಸ್ತಕ. ಭರ್ತಿಯಾಗದೆ ಮುಂದಕ್ಕೆ ಬಂದ ಮೀಸಲು ಹುದ್ದೆಗೆ ಬ್ಯಾಕ್‌ಲಾಗ್ ಎನ್ನುತ್ತಾರೆ.)
– ಎಸ್‌ಸಿಎಸ್‌ಪಿ (ಪರಿಶಿಷ್ಟ ಜಾತಿ ಉಪಯೋಜನೆ), ಟಿಎಸ್‌ಪಿ (ಬುಡಕಟ್ಟು ಉಪಯೋಜನೆ) ಅಡಿ ಕಳೆದ ಮೂರು ವರ್ಷ ಬಂದ ಹಣ, ಖರ್ಚಾದ ಹಣ, ಖರ್ಚಿನ ವಿವರ.
– ಪಿಎಚ್‌ಡಿ ಪ್ರವೇಶದ ವರ್ಗವಾರು ಸೀಟು ಹಂಚಿಕೆ, ಸಂದರ್ಶನದ ಅಂಕಪಟ್ಟಿ.
– ಐಸಿ, ಸಮಾನ ಅವಕಾಶ ಘಟಕಗಳ ರಚನೆಯ ಆದೇಶ ಮತ್ತು ಸಭೆಗಳ ನಡಾವಳಿ.

ಎರಡನೆಯ ಪ್ರಶ್ನೆಯನ್ನು ಬಿಡಲೇಬೇಡಿ. ರಾಜ್ಯದ 2013ರ ಎಸ್‌ಸಿಎಸ್‌ಪಿ ಟಿಎಸ್‌ಪಿ ಕಾಯ್ದೆ ದಲಿತ, ಆದಿವಾಸಿ ಸಮುದಾಯಗಳಿಗೆ ಮೀಸಲಿಟ್ಟ ಹಣ ಅವರಿಗೇ ಖರ್ಚಾಗಬೇಕು ಎಂದು ಬಂದದ್ದು. ಲ್ಯಾಪ್‌ಟಾಪ್, ಪುಸ್ತಕ, ಸಂಶೋಧನಾ ನೆರವಿನ ರೂಪದಲ್ಲಿ ಬರಬೇಕಾದ ದುಡ್ಡು ಎಲ್ಲಿ ಹೋಯಿತು ಎಂದು ತಿಳಿಯುವ ಹಕ್ಕು ನಿಮಗಿದೆ. ಅಂಗವಿಕಲ ವಿದ್ಯಾರ್ಥಿಗಳ ಪರ ಕೇಳುವುದಾದರೆ 2016ರ ಕಾಯ್ದೆಯ ಪ್ರಕಾರ ಶೇ 5ರಷ್ಟು ಸೀಟು ಮೀಸಲಿಟ್ಟಿದ್ದಾರೆಯೇ ನೋಡಿ.

ಉತ್ತರಕ್ಕೆ 30 ದಿನ. ಬಾರದಿದ್ದರೆ 30 ದಿನದೊಳಗೆ ಅದೇ ಸಂಸ್ಥೆಯ ಮೇಲ್ಮನವಿ ಅಧಿಕಾರಿಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯದು. ಕೇಂದ್ರೀಯ ಸಂಸ್ಥೆ ಆದರೆ ಕೇಂದ್ರ ಮಾಹಿತಿ ಆಯೋಗ. ಆಯೋಗದಲ್ಲಿ ತುಂಬಾ ಕಾಲ ಹಿಡಿಯುತ್ತದೆ, ಅದನ್ನೇ ನೆಚ್ಚಿಕೊಂಡು ಉಳಿದ ಕೆಲಸ ನಿಲ್ಲಿಸಬೇಡಿ. ಇನ್ನು, ಕೊನೆಯ ಸೆಮಿಸ್ಟರ್‌ನವರ ಹೆಸರಿನಲ್ಲಿ ಅರ್ಜಿ ಹಾಕಿದರೆ ಉತ್ತರ ಬರುವಾಗ ಅವರು ಊರಲ್ಲಿರುತ್ತಾರೆ. ಮೊದಲ ವರ್ಷದವರ ಅಥವಾ ಹೊರಗಿನ ಹಿತೈಷಿಗಳ ಹೆಸರಲ್ಲಿ ಹಾಕಿ.

5. ಗುಂಪು ಕಟ್ಟಿ, ಅಧ್ಯಾಪಕರನ್ನು ಸರಿಯಾದ ಜಾಗದಲ್ಲಿ ನಿಲ್ಲಿಸಿ

ಐದಾರು ಜನರ ಸಮಿತಿ ಸಾಕು. ಬೇರೆ ಬೇರೆ ವಿಭಾಗದವರು ಇರಲಿ, ಅರ್ಧದಷ್ಟು ಹೆಣ್ಣುಮಕ್ಕಳು ಇರಲಿ, ಹಾಸ್ಟೆಲ್‌ನವರೂ ಬಸ್ಸಿನಲ್ಲಿ ಓಡಾಡುವವರೂ ಇರಲಿ. ಸಭೆಯನ್ನು ಸಂಜೆ ಏಳಕ್ಕೆ ಇಟ್ಟರೆ ಹಳ್ಳಿಗೆ ಕೊನೆಯ ಬಸ್ ಹಿಡಿಯಬೇಕಾದವರು ಬರಲಾರರು, ಬರುವುದು ಪೇಟೆಯ ಹುಡುಗರು ಮಾತ್ರ. ಯಾರ ಅನ್ಯಾಯಕ್ಕಾಗಿ ಹೋರಾಟವೋ ಅವರೇ ಮೈಕ್ ಹಿಡಿಯಲಿ. ದಲಿತ ವಿದ್ಯಾರ್ಥಿಗಳ ವಿಷಯವನ್ನು ಮೇಲ್ಜಾತಿಯ ಪ್ರಗತಿಪರ ಗೆಳೆಯರು ತಾವೇ ಮಾತಾಡಿ ಮುಗಿಸುವುದನ್ನು ಜಾಸ್ತಿ ನೋಡಿದ್ದೇನೆ. ಅದು ಒಳ್ಳೆಯ ಮನಸ್ಸಿನಿಂದಲೇ ಆಗುತ್ತದೆ, ಆದರೂ ತಪ್ಪು.

ಕ್ಯಾಂಪಸ್‌ನ ಸ್ವಚ್ಛತಾ ಕಾರ್ಮಿಕರು, ಮೆಸ್ಸಿನವರು, ಸೆಕ್ಯುರಿಟಿಯವರನ್ನೂ ಮಾತಾಡಿಸಿ. ಹೆಚ್ಚಿನವರು ಗುತ್ತಿಗೆಯ ಮೇಲಿದ್ದಾರೆ. ಅವರ ಸಂಬಳ, ಪಿಎಫ್ ತಡವಾಗುವುದೂ ಇದೇ ಕ್ಯಾಂಪಸ್‌ನ ಅನ್ಯಾಯ ಅಲ್ವಾ?

ಈಗ ಅಧ್ಯಾಪಕರ ವಿಷಯ. ಕರ್ನಾಟಕದಲ್ಲಿ ಮೇಷ್ಟ್ರುಗಳು ಚಳವಳಿಯ ಹೊರಗೆ ನಿಂತವರಲ್ಲ. 1973ರಲ್ಲಿ ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂಬ ಸಚಿವ ಬಿ. ಬಸವಲಿಂಗಪ್ಪನವರ ಮಾತಿನ ಸುತ್ತ ಗಲಾಟೆ ಎದ್ದಾಗ ಕಾಲೇಜು, ಹಾಸ್ಟೆಲ್‌ಗಳ ದಲಿತ ವಿದ್ಯಾರ್ಥಿಗಳು ಒಂದಾದರು. ಅದರ ಬೆನ್ನಿಗೇ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು. ಅದನ್ನು ಕಟ್ಟಿ ಮುನ್ನಡೆಸಿದ ಪ್ರೊ. ಬಿ. ಕೃಷ್ಣಪ್ಪ ಭದ್ರಾವತಿಯ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದವರು. 2016ರಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ ಸಾವಿನ ನಂತರ ಅಲ್ಲಿನ ಎಸ್‌ಸಿ, ಎಸ್‌ಟಿ ಅಧ್ಯಾಪಕರು ತಮ್ಮ ಆಡಳಿತದ ಹುದ್ದೆಗಳಿಗೆ ರಾಜೀನಾಮೆ ಕೊಟ್ಟರು. ಅದೇ ಮಾರ್ಚ್‌ನಲ್ಲಿ ವಿದ್ಯಾರ್ಥಿಗಳ ಜೊತೆ ಇಬ್ಬರು ಅಧ್ಯಾಪಕರೂ ಬಂಧನಕ್ಕೆ ಒಳಗಾದರು.

ಆದರೆ ಎಲ್ಲರ ಕೆಲಸವೂ ಒಂದೇ ಥರ ಭದ್ರ ಅಲ್ಲ. ಖಾಯಂ ಪ್ರಾಧ್ಯಾಪಕರು ಮನವಿಗೆ ಮೊದಲ ಸಹಿ ಹಾಕಲಿ. ಅವರು ಅಧ್ಯಯನ ಮಂಡಳಿ, ಅಕಾಡೆಮಿಕ್ ಕೌನ್ಸಿಲ್, ಸಿಂಡಿಕೇಟ್‌ನಲ್ಲಿ ಇದ್ದರೆ ವಿಷಯವನ್ನು ಸಭೆಯ ಕಾರ್ಯಸೂಚಿಗೆ ತರಬಹುದು. ಒಪ್ಪದ ತೀರ್ಮಾನಕ್ಕೆ ಲಿಖಿತ ಭಿನ್ನಾಭಿಪ್ರಾಯ ದಾಖಲಿಸಬಹುದು. ನನ್ನ ಲೆಕ್ಕದಲ್ಲಿ ಧರಣಿ ಟೆಂಟಿನಲ್ಲಿ ಐದು ನಿಮಿಷ ಭಾಷಣ ಮಾಡುವುದಕ್ಕಿಂತ ಆ ಒಂದು ಟಿಪ್ಪಣಿ ದೊಡ್ಡದು. ನಾಳೆ ಕೋರ್ಟಿಗೆ ಹೋದರೆ ಅದೇ ಸಾಕ್ಷಿ. ಸರ್ಕಾರಿ ಕಾಲೇಜಿನವರಿಗೆ ನಡತೆ ನಿಯಮಗಳಿವೆ. ಒಬ್ಬೊಬ್ಬರೇ ಪತ್ರಿಕೆಗೆ ಹೇಳಿಕೆ ಕೊಡುವ ಬದಲು ಅಧ್ಯಾಪಕರ ಸಂಘದ ಮೂಲಕ ಬರೆಯುವುದು ಕ್ಷೇಮ.

ಅತಿಥಿ ಉಪನ್ಯಾಸಕರಿಗೆ ನನ್ನ ಉತ್ತರ ಇದು: ಸಹಿ ಹಾಕಬಹುದು, ಕಾನೂನು ಬೇಡ ಎನ್ನುವುದಿಲ್ಲ. ಆದರೆ ಮುಂದಿನ ವರ್ಷದ ಕೆಲಸ ನಿಮ್ಮ ಕೈಯಲ್ಲಿಲ್ಲ, ಹಾಗಾಗಿ ಒಬ್ಬರೇ ಹಾಕಬೇಡಿ. 2023ರ ಕೊನೆಗೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರು ಸೇವಾ ಭದ್ರತೆ ಕೇಳಿ ತರಗತಿ ಬಹಿಷ್ಕರಿಸಿದಾಗ ಅವರಿಗೆ ಬಲ ಬಂದದ್ದು ರಾಜ್ಯದ ಉದ್ದಗಲಕ್ಕೂ ಒಟ್ಟಿಗೆ ನಿಂತದ್ದರಿಂದ. ವಿದ್ಯಾರ್ಥಿಗಳೇ, ನೀವೂ ಇದನ್ನು ಅರ್ಥ ಮಾಡಿಕೊಳ್ಳಿ. ಸಹಿ ಹಾಕದ ಮೇಡಂ ನಿಮ್ಮ ವಿರೋಧಿ ಎಂದು ತೀರ್ಮಾನಿಸಬೇಡಿ. ಕರಡು ತಿದ್ದಿಕೊಡುವುದು, ಹಾಜರಾತಿ ವಿಷಯದಲ್ಲಿ ನ್ಯಾಯವಾಗಿ ನಡೆದುಕೊಳ್ಳುವುದು, ವಿಚಾರಣೆಯಲ್ಲಿ ನಿಜ ಹೇಳುವುದು ಕೂಡ ಬೆಂಬಲವೇ.

6. ಮನವಿ ಪತ್ರ ಬರೆಯಿರಿ

ಒಂದೇ ಪುಟ. ಮೂರರಿಂದ ಐದು ಬೇಡಿಕೆ. ಪ್ರತಿ ಬೇಡಿಕೆಯೂ ಎದುರಿಗಿರುವ ಅಧಿಕಾರಿ ಒಂದು ಸಹಿಯಿಂದ ಮಾಡಬಹುದಾದದ್ದು ಇರಲಿ. "ಜಾತೀಯತೆ ನಿಲ್ಲಿಸಿ" ಎಂದರೆ ಅವರು "ಖಂಡಿತ" ಎಂದು ಒಳಗೆ ಹೋಗುತ್ತಾರೆ. ಹೀಗೆ ಬರೆಯಿರಿ:

"ಮಾನ್ಯ ಕುಲಸಚಿವರು (ಆಡಳಿತ) ಇವರಿಗೆ. ವಿಷಯ: ಸಮಾನ ಅವಕಾಶ ಘಟಕ ರಚನೆ ಮತ್ತು ಬಾಕಿ ಫೆಲೋಶಿಪ್ ಬಗ್ಗೆ. 1) ಯುಜಿಸಿ 2012ರ ನಿಯಮದಂತೆ ತಾರತಮ್ಯ ತಡೆ ಅಧಿಕಾರಿಯನ್ನು 7 ದಿನದೊಳಗೆ ನೇಮಿಸಿ, ಹೆಸರು ಮತ್ತು ಫೋನ್ ಸಂಖ್ಯೆಯನ್ನು ಎಲ್ಲ ವಿಭಾಗಗಳಲ್ಲಿ ಪ್ರಕಟಿಸುವುದು. 2) ____ ತಿಂಗಳಿಂದ ____ ತಿಂಗಳವರೆಗಿನ ಫೆಲೋಶಿಪ್ ಕಡತ ಯಾವ ಶಾಖೆಯಲ್ಲಿದೆ ಎಂದು ಲಿಖಿತವಾಗಿ ತಿಳಿಸಿ, ____ ತಾರೀಖಿನೊಳಗೆ ಪಾವತಿಸುವುದು. 3) ಈ ಮನವಿಗೆ ____ ತಾರೀಖಿನೊಳಗೆ ಹಿಂಬರಹ ಕೊಡುವುದು."

ಫೆಲೋಶಿಪ್ ಬಾಕಿಯನ್ನು ಸಣ್ಣ ವಿಷಯ ಎಂದು ಕೊನೆಯ ಬೇಡಿಕೆಗೆ ತಳ್ಳಬೇಡಿ. ಏಳು ತಿಂಗಳ ಫೆಲೋಶಿಪ್ ಬರಬೇಕಿದೆ ಎಂದು ರೋಹಿತ್ ವೇಮುಲ ತನ್ನ ಕೊನೆಯ ಪತ್ರದಲ್ಲಿ ಬರೆದಿದ್ದರು. ಮನೆಯಿಂದ ದುಡ್ಡು ತರಿಸಲಾಗದ ವಿದ್ಯಾರ್ಥಿಗೆ ಅದು ಊಟ, ಬಾಡಿಗೆ ಮತ್ತು ಮರ್ಯಾದೆಯ ಪ್ರಶ್ನೆ.

ಎರಡು ಪ್ರತಿ ಒಯ್ದು ಟಪಾಲು ಶಾಖೆಯಲ್ಲಿ ಕೊಡಿ. ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. "ಸಾಹೇಬರ ಕೈಗೇ ಕೊಡಿ" ಎಂದು ಕಳಿಸಿದರೆ ಕೈಗೆ ಕೊಟ್ಟು ಫೋಟೊ ತೆಗೆಸಿಕೊಂಡು ಬರುವುದು ಮಾಮೂಲು. ಫೋಟೊ ಸ್ವೀಕೃತಿ ಅಲ್ಲ. ಸೀಲು ಹಾಕಲು ಒಪ್ಪದಿದ್ದರೆ ಅದೇ ದಿನ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ, ಇ-ಮೇಲ್ ಕೂಡ ಮಾಡಿ. ಸಹಿಗಳ ಹಾಳೆಯ ಮೇಲ್ಭಾಗದಲ್ಲೂ ವಿಷಯ ಬರೆದಿರಲಿ, ಇಲ್ಲದಿದ್ದರೆ ಖಾಲಿ ಹಾಳೆಗೆ ಸಹಿ ಪಡೆದರು ಎಂಬ ಮಾತು ಬರುತ್ತದೆ.

7. ಧರಣಿ ಕೂರುವ ಮುನ್ನ

ಗಡುವು ಮುಗಿಯಿತು, ಹಿಂಬರಹ ಬರಲಿಲ್ಲ. ಆಗ ಧರಣಿ. ಶಾಂತವಾಗಿ, ಆಯುಧವಿಲ್ಲದೆ ಸೇರುವ ಹಕ್ಕು ಸಂವಿಧಾನದ 19ನೇ ವಿಧಿಯಲ್ಲೇ ಇದೆ. ಅದಕ್ಕೆ ನ್ಯಾಯಯುತ ಮಿತಿಗಳೂ ಇವೆ. ಕ್ಯಾಂಪಸ್ ಒಳಗಾದರೆ ಕುಲಸಚಿವರಿಗೆ ಮುಂಚೆ ಲಿಖಿತವಾಗಿ ತಿಳಿಸಿ. ಗೇಟಿನ ಹೊರಗಾದರೆ ಪೊಲೀಸರಿಗೆ ಅರ್ಜಿ ಕೊಡಿ. ಬೆಂಗಳೂರು ನಗರದಲ್ಲಿ 2021ರ ಆದೇಶದ ಪ್ರಕಾರ ಪ್ರತಿಭಟನೆಗೆ ಗೊತ್ತು ಮಾಡಿದ ಜಾಗ ಫ್ರೀಡಂ ಪಾರ್ಕ್. ಟೌನ್ ಹಾಲ್ ಮುಂದೆ ಸುಮ್ನೆ ಹೋಗಿ ನಿಂತರೆ ಕೇಸು ಬೀಳಬಹುದು. ಊರಿನಲ್ಲಿ ನಿಷೇಧಾಜ್ಞೆ ಇದೆಯೇ ವಿಚಾರಿಸಿ. ಹಿಂದೆ 144 ಎನ್ನುತ್ತಿದ್ದದ್ದು ಈಗ ಹೊಸ ಕ್ರಿಮಿನಲ್ ಪ್ರಕ್ರಿಯಾ ಕಾಯ್ದೆಯಾದ ಬಿಎನ್‌ಎಸ್‌ಎಸ್‌ನ 163ನೇ ಕಲಮು.

ಪರೀಕ್ಷೆ, ಆಂಬುಲೆನ್ಸ್, ಗ್ರಂಥಾಲಯದ ದಾರಿ ತಡೆಯಬೇಡಿ. ಎಲ್ಲರ ಕೈಯಲ್ಲೂ ವಕೀಲರೊಬ್ಬರ ನಂಬರ್ ಇರಲಿ. ವಿಡಿಯೊ ಮಾಡಲು ಇಬ್ಬರನ್ನು ನೇಮಿಸಿ, ಅವರು ಘೋಷಣೆ ಕೂಗುವುದು ಬೇಡ. ಆಮರಣ ಉಪವಾಸವನ್ನು ನಾನು ಯಾವ ವಿದ್ಯಾರ್ಥಿಗೂ ಹೇಳುವುದಿಲ್ಲ. ಸರದಿ ಉಪವಾಸ ಸಾಕು.

ಲೈಂಗಿಕ ಕಿರುಕುಳದ ಪ್ರಕರಣವಾದರೆ ಪೋಸ್ಟರ್, ಪೋಸ್ಟ್, ಭಾಷಣ ಯಾವುದರಲ್ಲೂ ದೂರುದಾರರ ಗುರುತು ಸಿಗುವಂಥ ವಿವರ ಹಾಕಬೇಡಿ. ಐಸಿ ವಿಚಾರಣೆ ಗೌಪ್ಯ ಎಂದು ಕಾನೂನೇ ಹೇಳುತ್ತದೆ. ಆರೋಪಿಯ ಹೆಸರು ಬರೆಯುವುದೂ ವಿಚಾರಣೆಗೆ ಏಟು ಕೊಡಬಹುದು, ಮಾನನಷ್ಟ ಮೊಕದ್ದಮೆಗೂ ದಾರಿ. "ಐಸಿ 90 ದಿನದಲ್ಲಿ ವರದಿ ಕೊಡಲಿ" ಎಂದು ಕೇಳಿ, ಅಷ್ಟು ಸಾಕು.

8. ಮಾತುಕತೆಗೆ ಕರೆದಾಗ

ಒಬ್ಬರೇ ಹೋಗಬೇಡಿ. ಕನಿಷ್ಠ ಮೂವರು, ಅದರಲ್ಲಿ ಒಬ್ಬರು ಬರೆದುಕೊಳ್ಳಲಿ. ಬಾಯಿಮಾತಿನ ಭರವಸೆಗೆ ಟೆಂಟ್ ಬಿಚ್ಚಬೇಡಿ, ಸಭೆಯ ನಡಾವಳಿಗೆ ಇಬ್ಬರ ಕಡೆಯವರೂ ಸಹಿ ಹಾಕಲಿ. ಅವರು ಕೊಡದಿದ್ದರೆ ಹೊರಗೆ ಬಂದ ಕೂಡಲೇ "ಇಂದಿನ ಸಭೆಯಲ್ಲಿ ತಾವು ಒಪ್ಪಿದ ಅಂಶಗಳು" ಎಂದು ನೀವೇ ಇ-ಮೇಲ್ ಕಳಿಸಿ. ಐದರಲ್ಲಿ ಮೂರು ಬೇಡಿಕೆ ಒಪ್ಪಿದರೆ ಅದನ್ನು ಪಡೆದು, ಉಳಿದ ಎರಡಕ್ಕೆ ತಾರೀಖು ಕೇಳಿ.

9. ಮೇಲಿನ ಬಾಗಿಲುಗಳು

ಒಳಗಿನ ದಾರಿ ಮುಚ್ಚಿದರೆ ರಾಷ್ಟ್ರೀಯ ಪರಿಶಿಷ್ಟ ಜಾತಿ ಆಯೋಗ, ಪರಿಶಿಷ್ಟ ಪಂಗಡ ಆಯೋಗಗಳಿವೆ. ವಿಚಾರಣೆಯಲ್ಲಿ ಅವುಗಳಿಗೆ ಸಿವಿಲ್ ಕೋರ್ಟಿನ ಅಧಿಕಾರ ಇದೆ, ಅಧಿಕಾರಿಗಳನ್ನು ಕಡತ ಸಮೇತ ಕರೆಸಬಹುದು. ರಾಜ್ಯದ ಎಸ್‌ಸಿ ಎಸ್‌ಟಿ ಆಯೋಗ, ಮಹಿಳಾ ಆಯೋಗಗಳೂ ಇವೆ. ಪೊಲೀಸ್ ಇಲಾಖೆಯಲ್ಲಿ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯ ಇದೆ, ಜನ ಡಿಸಿಆರ್‌ಇ ಎನ್ನುತ್ತಾರೆ. ಹೈಕೋರ್ಟಿಗೆ ಹೋಗಬೇಕಾದರೆ ವಕೀಲರ ಫೀಸಿಗೆ ಹೆದರಬೇಡಿ. ಮಹಿಳೆಯರಿಗೆ, ಎಸ್‌ಸಿ ಎಸ್‌ಟಿ ಸಮುದಾಯದವರಿಗೆ, ಅಂಗವಿಕಲರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ.

10. ಸೇಡು ತೀರಿಸಿಕೊಳ್ಳಲು ಬಂದರೆ

ಬರುತ್ತದೆ, ಸಿದ್ಧರಾಗಿರಿ. ಕಾರಣ ಕೇಳಿ ನೋಟಿಸ್ ಬಂದರೆ ಹರಿದು ಹಾಕಬೇಡಿ, ಗಡುವಿನೊಳಗೆ ವಕೀಲರಿಗೆ ತೋರಿಸಿ ಉತ್ತರ ಕೊಡಿ. ಆರೋಪಕ್ಕೆ ಆಧಾರವಾದ ದಾಖಲೆಗಳ ಪ್ರತಿ ಕೇಳಿ. ನಿಮ್ಮ ಮಾತು ಕೇಳದೆ ಶಿಕ್ಷೆ ಕೊಡುವಂತಿಲ್ಲ. ಇನ್ನೊಂದು, ಹಾಸ್ಟೆಲ್ ರೂಮ್ ಉಳಿಯಬೇಕಾದರೆ "ಇನ್ನು ಮುಂದೆ ಯಾವ ಹೋರಾಟದಲ್ಲೂ ಭಾಗವಹಿಸುವುದಿಲ್ಲ" ಎಂದು ಮುಚ್ಚಳಿಕೆ ಬರೆದುಕೊಡಿ ಎನ್ನುತ್ತಾರೆ. ಆ ಕ್ಷಣವೇ ಸಹಿ ಮಾಡಬೇಡಿ. ಒಂದು ದಿನ ಕಾಲ ಕೇಳಿ, ಪ್ರತಿ ಪಡೆಯಿರಿ, ವಕೀಲರನ್ನು ಕೇಳಿ. ಮನೆಯವರಿಗೆ ಫೋನ್ ಮಾಡಿ ಹೆದರಿಸುವುದೂ ಇದೆ. ಅಪ್ಪ ಅಮ್ಮನಿಗೆ ಮೊದಲೇ ನೀವೇ ವಿಷಯ ಹೇಳಿದ್ದರೆ ಆ ಫೋನಿಗೆ ಬಲ ಇರುವುದಿಲ್ಲ. ಆಂತರಿಕ ಅಂಕ ಏಕಾಏಕಿ ಕಡಿಮೆಯಾದರೆ ಹಿಂದಿನ ಸೆಮಿಸ್ಟರ್‌ಗಳ ಅಂಕ ಜೋಡಿಸಿ ಕುಂದುಕೊರತೆ ಸಮಿತಿಗೆ ದೂರು ಕೊಡಿ.

2015ರಲ್ಲಿ ಹೈದರಾಬಾದ್‌ನಲ್ಲಿ ಐವರು ದಲಿತ ಸಂಶೋಧಕರನ್ನು ಹಾಸ್ಟೆಲ್‌ನಿಂದ ಹೊರಹಾಕಿದರು. ಅವರು ಕ್ಯಾಂಪಸ್‌ನಲ್ಲೇ ಟೆಂಟ್ ಹಾಕಿ, ತೆಲುಗಿನಲ್ಲಿ ದಲಿತ ಕೇರಿಗೆ ಹೇಳುವ 'ವೆಲಿವಾಡ' ಎಂಬ ಹೆಸರಿಟ್ಟು ಅಲ್ಲೇ ಮಲಗಿದರು. ಹೊರಹಾಕಿಸಿಕೊಂಡವರು ಒಂಟಿಯಾಗದಂತೆ ನೋಡಿಕೊಳ್ಳುವುದು ಗುಂಪಿನ ಮೊದಲ ಕೆಲಸ. ಅವರ ರೂಮ್, ಊಟ, ಓದಿನ ನೋಟ್ಸ್ ಯಾರು ನೋಡಿಕೊಳ್ಳುತ್ತಾರೆ ಎಂದು ಸಭೆಯಲ್ಲೇ ಹೆಸರು ಹೇಳಿ ಹಂಚಿಕೊಳ್ಳಿ. ದಿನಾ ಒಬ್ಬರು ಮಾತಾಡಿಸಲಿ. ಯಾರಾದರೂ ಸಾಯುವ ಮಾತಾಡಿದರೆ, ಅಥವಾ ಇದ್ದಕ್ಕಿದ್ದಂತೆ ಎಲ್ಲರಿಂದ ದೂರವಾದರೆ, ಒಂಟಿಯಾಗಿ ಬಿಡಬೇಡಿ. ಟೆಲಿ ಮಾನಸ್ ಸಂಖ್ಯೆ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಅಧ್ಯಾಪಕರು ಈ ಸಂಖ್ಯೆಯನ್ನು ತಮ್ಮ ವಿಭಾಗದ ನೋಟಿಸ್ ಬೋರ್ಡಿಗೆ ಇವತ್ತೇ ಅಂಟಿಸಿ, ಅದಕ್ಕೆ ಯಾರ ಅನುಮತಿಯೂ ಬೇಕಿಲ್ಲ.

11. ಕಡತವನ್ನು ದಾಟಿಸಿ

ಎಂ.ಎ. ಎರಡು ವರ್ಷಕ್ಕೆ ಮುಗಿಯುತ್ತದೆ, ಆಡಳಿತ ಅದನ್ನೇ ಕಾಯುತ್ತದೆ. ಮನವಿಗಳು, ಸೀಲಿರುವ ಪ್ರತಿಗಳು, ಆರ್‌ಟಿಐ ಉತ್ತರಗಳು, ನಡಾವಳಿಗಳನ್ನು ತಾರೀಖಿನ ಪ್ರಕಾರ ಜೋಡಿಸಿ ಒಂದು ಫೈಲ್ ಮಾಡಿ. ಸ್ಕ್ಯಾನ್ ಮಾಡಿದ ಪ್ರತಿ ಇಬ್ಬರ ಹತ್ತಿರ ಇರಲಿ. ಆದರೆ ಲೈಂಗಿಕ ಕಿರುಕುಳದ ದೂರಿನ ಕಾಗದಗಳು ಈ ಫೈಲಿನಲ್ಲಿ ಇರಬಾರದು, ಅವು ದೂರುದಾರರ ಹತ್ತಿರವೇ ಉಳಿಯಲಿ. ಪರೀಕ್ಷೆಗೆ ಒಂದು ತಿಂಗಳು ಮುಂಚೆ ಕಿರಿಯರನ್ನು ಕೂರಿಸಿಕೊಂಡು ಯಾವ ಬೇಡಿಕೆ ಎಲ್ಲಿ ನಿಂತಿದೆ, ಯಾವ ಮೇಲ್ಮನವಿಗೆ ಯಾವ ತಾರೀಖು ಕೊನೆ ಎಂದು ವಿವರಿಸಿ. ವಿಭಾಗದಲ್ಲಿ ನಂಬಿಕೆಯ ಖಾಯಂ ಅಧ್ಯಾಪಕರು ಇದ್ದರೆ ಇನ್ನೊಂದು ಪ್ರತಿ ಅವರ ಬೀರುವಿನಲ್ಲಿ ಇಡಿ.